ಎವೆಯಿಕ್ಕದ ಅರಮನೆ

ಬಹಳ ಬಹಳ ಹಿಂದೆ, ಮೋಡಗಳು ಕೈಗೆ ಸಿಗುವಷ್ಟು ಕೆಳಗೆ ತೇಲುತ್ತಿದ್ದ ಕಾಲದಲ್ಲಿ, ತಿಳಿಗೊಳವೆಂಬ ರಾಜ್ಯವಿತ್ತು. ಅದರ ದೊರೆ ಸೊಬಗರಾಯ ಕೆಟ್ಟವನಲ್ಲ. ಆದರೆ ಯಾರಾದರೂ ಹೊಗಳಿದರೆ ಸಾಕು, ಉಬ್ಬಿಹೋಗುತ್ತಿದ್ದ.

ಒಂದು ದಿನ ಬಿರುಗಣ್ಣನೆಂಬ ಮಾಂತ್ರಿಕ ಅರಮನೆಗೆ ಬಂದ. "ಮಹಾಪ್ರಭು, ದೇವತೆಗಳು ಎವೆಯಿಕ್ಕುವುದಿಲ್ಲ. ತಾವೂ ದೇವರಂಥವರು. ಹುಲುಮಾನವರ ಹಾಗೆ ಕಣ್ಣು ಮಿಟುಕಿಸುವ ಚಾಳಿ ತಮಗೇಕೆ?" ಎಂದ. ದೊರೆಗೆ ಹೌದಲ್ಲವೇ ಅನ್ನಿಸಿತು. ಮಾಂತ್ರಿಕ ಕರಡಿಗೆಯಿಂದ ಕಾಡಿಗೆ ತೆಗೆದು ದೊರೆಯ ಕಣ್ಣಿಗೆ ಹಚ್ಚಿದ. ಆಮೇಲೆ ಮಂತ್ರಿಗೆ, ಸೇನಾಪತಿಗೆ, ಅಡುಗೆಯವರಿಗೆ, ಕಾವಲಿನವರಿಗೆ. ಅಂದಿನಿಂದ ಅರಮನೆಯಲ್ಲಿ ಒಬ್ಬರೂ ಎವೆಯಿಕ್ಕಲಿಲ್ಲ.

ಮೊದಮೊದಲು ಎಲ್ಲರಿಗೂ ಹೆಮ್ಮೆಯೋ ಹೆಮ್ಮೆ. ಕೆಲವೇ ದಿನಗಳಲ್ಲಿ ಹೆಮ್ಮೆ ಇಳಿಯಿತು, ಉರಿ ಏರಿತು. ಕಣ್ಣು ಒಣಗಿ ಕೆಂಪಾದವು. ನಿದ್ದೆಯಿಲ್ಲ, ಅತ್ತರೆ ನೀರಿಲ್ಲ. ತೊಳೆದರೆ ಕಾಡಿಗೆ ಹೋಗಲೊಲ್ಲದು. ಬೇಕಿತ್ತೇ ಇವರಿಗೆ ಇದು? ಮಾಂತ್ರಿಕನಂತೂ ಎಂದೋ ಮಾಯವಾಗಿದ್ದ. ಅವರ ಕಣ್ಣೀರೆಲ್ಲ ಅವನ ಬೆಟ್ಟದ ಗುಹೆಯ ಗುಡಾಣಕ್ಕೆ ಹೋಗಿ ಸೇರುತ್ತಿತ್ತು. ದಿನಕ್ಕೊಂದು ಗುಟುಕು ಕುಡಿದು ಅವನು ಮುಪ್ಪಿಲ್ಲದೆ ಬದುಕಿದ್ದ.

ಕೋಟೆಯ ಬುರುಜು ಕಾಯುತ್ತಿದ್ದ ಕೆಂಚಯ್ಯನಿಗೂ ಆ ಕಾಡಿಗೆ ಹಚ್ಚಿದ್ದರು. ಅವನಿಗೆ ಒಬ್ಬಳೇ ಮಗಳು, ಹೊಂಬಾಳೆ. ಅವಳ ಮದುವೆ ಗೊತ್ತಾಗಿತ್ತು.

"ಅಪ್ಪಾ, ಇವತ್ತು ಹೇಗಿದೆ?"

"ಕಣ್ಣಿಗೆ ಮರಳು ಹೊಯ್ದ ಹಾಗಿದೆ ಮಗಳೇ. ನಿನ್ನ ಮುಖವೂ ಮಸುಕು ಮಸುಕು."

ಅಮಾವಾಸ್ಯೆಯೊಳಗೆ ಕಣ್ಣು ಒದ್ದೆಯಾಗದಿದ್ದರೆ ದೃಷ್ಟಿಯೇ ಹೋಗುತ್ತದೆಂದು ವೈದ್ಯರು ಹೇಳಿಬಿಟ್ಟರು. "ಧಾರೆಯ ಹೊತ್ತಿಗೆ ಅಪ್ಪ ನನ್ನನ್ನು ಕಣ್ತುಂಬ ನೋಡಬೇಕು. ಗಂಡನ ಮನೆಗೆ ಒಪ್ಪಿಸಿಕೊಡುವಾಗ ಮನಸಾರೆ ಅಳಬೇಕು. ಅಲ್ಲಿಯವರೆಗೆ ನನಗೆ ಮದುವೆ ಬೇಡ," ಎಂದಳು ಹೊಂಬಾಳೆ. ಕಣ್ಣೀರೆಲ್ಲ ಬಿರುಗಣ್ಣನ ಗುಹೆ ಸೇರುತ್ತಿದೆಯೆಂದು ವೈದ್ಯರಿಂದಲೇ ತಿಳಿದು, ಒಂದು ಕಂಬಳಿ, ಒಂದು ಸೋರೆಬುರುಡೆ ನೀರು ತೆಗೆದುಕೊಂಡು ಬೆಟ್ಟದ ದಾರಿ ಹಿಡಿದಳು.

ಬೆಟ್ಟದ ಬುಡದ ಕಣಿವೆಯಲ್ಲಿ ಭರ್ರೆಂದು ಗಾಳಿ ಬೀಸುತ್ತಿತ್ತು. ಅಲ್ಲೊಂದು ನೀಲಿ ಹುಲಿ ಕೂತಿತ್ತು. "ಎವೆಯಿಕ್ಕದೆ ಕಾಯುತ್ತಿದ್ದೇನೆ. ದಾಟಿದರೆ ನುಂಗುತ್ತೇನೆ!" ಎಂದಿತು.

"ನುಂಗುವುದು ಇದ್ದದ್ದೇ. ಮೊದಲು ಹೇಳು, ನಿನಗೂ ಕಣ್ಣುರಿಯೇ?" ಎಂದಳು ಹೊಂಬಾಳೆ.

ಹುಲಿಯನ್ನು ಯಾರೂ ಹಾಗೆ ಕೇಳಿರಲಿಲ್ಲ. "ಈ ಗಾಳಿ ನನ್ನ ಜೀವ ತಿನ್ನುತ್ತಿದೆ ತಾಯಿ," ಎಂದಿತು. ಹೊಂಬಾಳೆ ಎರಡು ಬಂಡೆಗಳ ನಡುವೆ ಕಂಬಳಿ ಬಿಗಿದು ಗಾಳಿಗೆ ಮರೆ ಕಟ್ಟಿದಳು. ಹುಲಿ ಮರೆಯಲ್ಲಿ ಮುದುರಿ ಮಲಗಿ ದಾರಿ ಬಿಟ್ಟಿತು.

ನಡುಬೆಟ್ಟದಲ್ಲಿ ಬೆಂಕಿಯ ಕುಂಡವೊಂದು ಉರಿಯುತ್ತಿತ್ತು, ಸುತ್ತಲೂ ಹೊಗೆಯೋ ಹೊಗೆ. ಹೊಗೆಯೊಳಗೆ ಬಿಳಿಯಾನೆ ನಿಂತಿತ್ತು. "ಎವೆಯಿಕ್ಕದೆ ಕಾಯುತ್ತಿದ್ದೇನೆ. ದಾಟಿದರೆ ತುಳಿಯುತ್ತೇನೆ!"

"ತುಳಿಯುವುದು ಇದ್ದದ್ದೇ. ಮೊದಲು ಹೇಳು, ನಿನಗೂ ಕಣ್ಣುರಿಯೇ?"

ಆನೆ ಸೊಂಡಿಲು ಇಳಿಬಿಟ್ಟು ತಲೆಯಾಡಿಸಿತು. ಹೊಂಬಾಳೆ ಕುಂಡದ ಕೆಂಡದ ಮೇಲೆ ಸೋರೆಬುರುಡೆಯ ನೀರೆಲ್ಲ ಸುರಿಯಲಿಲ್ಲ, ಜಾಣೆ. ಬೆಂಕಿಗೆ ಮಣ್ಣು ಮುಚ್ಚಿ, ಬಿಸಿ ಬೂದಿಯ ಪಕ್ಕದಲ್ಲಿ ನೀರನ್ನಿಟ್ಟು ಬೆಚ್ಚಗೆ ಮಾಡಿದಳು. ಸೆರಗು ಹರಿದು ಅದ್ದಿ ಹಿಂಡಿ ಆನೆಯ ಕಣ್ಣಿನ ಮೇಲೆ ಹೊದಿಸಿದಳು. "ಹಾ... ಏನು ಸುಖ!" ಎಂದ ಆನೆ ಅವಳನ್ನು ಬೆನ್ನ ಮೇಲೆ ಹೊತ್ತು ಗುಹೆಯ ಹತ್ತಿರ ಇಳಿಸಿತು.

ಗುಹೆಯ ಬಾಗಿಲಲ್ಲಿ ಗೂಬೆಯೊಂದು ಕೂತಿತ್ತು. ಅದರ ಸುತ್ತಲೂ ಸಾಲು ಸಾಲು ದೀಪ. "ಎವೆಯಿಕ್ಕದೆ ಕಾಯುತ್ತಿದ್ದೇನೆ. ದಾಟಿದರೆ ಕುಕ್ಕುತ್ತೇನೆ!"

"ಕುಕ್ಕುವುದು ಇದ್ದದ್ದೇ. ಮೊದಲು ಹೇಳು, ನಿನಗೂ ಕಣ್ಣುರಿಯೇ?"

ಗೂಬೆ ಬಿಕ್ಕಿತು. ಹೊಂಬಾಳೆ ದೀಪಗಳನ್ನು ಒಂದೊಂದಾಗಿ ಆರಿಸಿ, ಪಕ್ಕದಲ್ಲಿ ಕೂತು ಜೋಗುಳ ಹಾಡಿದಳು. ನಡೆದು ದಣಿದಿದ್ದಳಲ್ಲ, ಹಾಡುತ್ತ ಹಾಡುತ್ತ ಅವಳಿಗೇ ಆಕಳಿಕೆ ಬಂತು. ಅದನ್ನು ನೋಡಿ ಗೂಬೆಯೂ ಆಕಳಿಸಿತು. ಅದರ ರೆಪ್ಪೆ ಮುಚ್ಚಿತು, ಕಣ್ಣಂಚಿನಲ್ಲಿ ನೀರಾಡಿತು.

"ನಿನ್ನ ಆಕಳಿಕೆ ನನಗೂ ಅಂಟಿತಲ್ಲೇ!" ಎಂದು ಗೂಬೆ ಬೆರಗಾಯಿತು. "ಒಂದು ಗುಟ್ಟು ಹೇಳುತ್ತೇನೆ ಕೇಳು. ಒಡೆಯನ ಮಾಯೆಯೆಲ್ಲ ಅವನ ತೆರೆದ ಕಣ್ಣಿನಲ್ಲಿದೆ. ಒಮ್ಮೆ ಮುಚ್ಚಿದರೆ ಮುಗಿಯಿತು."

ಗುಹೆಯೊಳಗೆ ಬಿರುಗಣ್ಣ ಗುಡಾಣಕ್ಕೆ ಒರಗಿ ಕೂತಿದ್ದ. "ನಮ್ಮಪ್ಪನ ಕಣ್ಣೀರು ಕೊಡು," ಎಂದಳು ಹೊಂಬಾಳೆ.

ಅವನು ಗಹಗಹಿಸಿ ನಕ್ಕ. "ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡು ಹುಡುಗಿ. ನಾನು ಮೊದಲು ಎವೆಯಿಕ್ಕಿದರೆ ಗುಡಾಣ ನಿನ್ನದು. ನೀನು ಇಕ್ಕಿದರೆ ನಿನ್ನ ಕಣ್ಣೀರೂ ನನ್ನದು!"

ಹೊಂಬಾಳೆ ಎದುರು ಕೂತಳು. ನೋಡಿದಳು, ನೋಡಿದಳು. ಆಮೇಲೆ ತಾನು ನಡೆದ ದಾರಿಯನ್ನೆಲ್ಲ ನೆನೆದು, ಕಣ್ಣು ಮುಚ್ಚಿ, ಬಾಯಿ ತುಂಬ ಒಂದು ಆಕಳಿಕೆ ತೆಗೆದಳು.

"ಸೋತೆ! ಸೋತೆ!" ಎಂದು ಅವನು ಚಪ್ಪಾಳೆ ತಟ್ಟಿದ.

"ಹೌದು, ಸೋತೆ," ಎಂದು ಅವಳು ಇನ್ನೊಂದು ಆಕಳಿಕೆ ತೆಗೆದಳು. ಅದು ಮೊದಲಿನದಕ್ಕಿಂತ ದೊಡ್ಡದು.

ಬಿರುಗಣ್ಣನ ಗಲ್ಲ ಅದುರಿತು. ಹಲ್ಲು ಕಚ್ಚಿದ, ಮೂಗು ಹಿಂಡಿದ. ಎಷ್ಟೆಂದು ತಡೆದಾನು? ಬಾಯಿ ತಾನಾಗಿ ತೆರೆಯಿತು, ಕಣ್ಣು ತಾನಾಗಿ ಮುಚ್ಚಿತು. ಮಾಂತ್ರಿಕ ಹೋಗಿ ಬೊಚ್ಚುಬಾಯಿಯ ಮುದುಕನಾದ. ಹಾಗೇ ಪಕ್ಕಕ್ಕೆ ಉರುಳಿ ಗೊರಕೆ ಹೊಡೆಯತೊಡಗಿದ.

ಗುಡಾಣ ಫಟ್ಟೆಂದು ಒಡೆಯಿತು. ಕಣ್ಣೀರೆಲ್ಲ ಮಂಜಾಗಿ ಎದ್ದು ತಿಳಿಗೊಳದ ಕಡೆಗೆ ತೇಲಿತು. ಅರಮನೆಯಲ್ಲಿ ಕಾಡಿಗೆ ಉದುರಿ, ಎಲ್ಲರ ರೆಪ್ಪೆಯೂ ಒಟ್ಟಿಗೇ ಮುಚ್ಚಿತು. ದೊರೆ ಸಿಂಹಾಸನದಲ್ಲೇ ಕುತ್ತಿಗೆ ವಾಲಿಸಿ ನಿದ್ದೆಹೋದ. ಎದ್ದ ಮೇಲೆ, "ನಾನು ಮನುಷ್ಯನಪ್ಪಾ, ಬರೀ ಮನುಷ್ಯ. ಎಷ್ಟು ಹಾಯಾಗಿದೆ!" ಎಂದ.

ಹೊಂಬಾಳೆ ಊರಿಗೆ ಬಂದಾಗ ಕೆಂಚಯ್ಯ ಬುರುಜಿನ ಮೆಟ್ಟಿಲ ಮೇಲೆ ಕೂತಿದ್ದ. ಕಣ್ಣು ಮಿಟುಕಿಸಿದ. ಮತ್ತೆ ಮಿಟುಕಿಸಿದ. "ಎಷ್ಟು ಬಡವಾಗಿದ್ದೀಯೇ! ಮೂಗಿನ ಮೇಲೆಲ್ಲ ಮಸಿ," ಎಂದ. ಅಪ್ಪನಿಗೆ ಮಸಿಯೂ ಕಾಣುತ್ತಿದೆ ಎಂದು ಅವಳಿಗೆ ಹಿಡಿಸಲಾರದ ಸಂತೋಷವಾಯಿತು.

ಮದುವೆಯೂ ಆಯಿತು. ಮಗಳನ್ನು ಒಪ್ಪಿಸಿಕೊಡುವಾಗ ಕೆಂಚಯ್ಯ ಅತ್ತ, ಗೊಳೋ ಎಂದು ಅತ್ತ. "ಸಾಕು ಬಿಡಿ ಬೀಗರೇ, ಪಕ್ಕದ ಬೀದಿಗೆ ತಾನೇ ಕಳಿಸುತ್ತಿರುವುದು!" ಎಂದು ಗಂಡಿನ ಕಡೆಯವರು ನಕ್ಕರು.

"ಅಳಲಿ ಬಿಡಿ ಅತ್ತೆಮ್ಮ," ಎಂದಳು ಹೊಂಬಾಳೆ, ಅಪ್ಪನ ಕೆನ್ನೆ ಒರೆಸದೆ. "ಅದನ್ನು ನೋಡುವುದಕ್ಕೇ ಅಷ್ಟು ದೂರ ಹೋಗಿ ಬಂದದ್ದು ನಾನು."

ತಿಳಿಗೊಳದವರು ಈಗ ಹೊತ್ತಿಗೆ ಸರಿಯಾಗಿ ಮಲಗುತ್ತಾರೆ. ಕತೆ ಕೇಳಿದ್ದಾಯಿತಲ್ಲ, ನೀವೂ ಕಣ್ಣು ಮುಚ್ಚಿ.