ಊರಿನ ದನಿಯೆಲ್ಲ ತುಂಬಿದ ಪೆಟ್ಟಿಗೆ

ಚರ್ಚಿನ ವ್ರತದ ಶುಕ್ರವಾರ, ಮಾಂಸ ಬಿಟ್ಟು ಮೀನು ತಿನ್ನುವ ದಿನ. ಬೆಂಕಿ ಆರಿಸುವ ದಳದ ಶೆಡ್ಡಿನಲ್ಲಿ ಊರೆಲ್ಲ ಕೂತು ಹುರಿದ ಮೀನು ತಿನ್ನುತ್ತಿದ್ದಾಗ ಓರಿನ್ ಹಾಸ್ಲರ್ ಎದ್ದು ಬಂದು ಎಲ್ಡನ್ ಪ್ರೋಕಾಪ್‌ನ ಮೈಮೇಲಿನ ಕೋಟು ಬಿಚ್ಚಿಸಿದ. ಬೆನ್ನಿಗೆ ಅವನ ಹೆಸರು ಬರೆದಿದ್ದ ದಳದ ಕೋಟು. ಪೆನ್ಸಿಲ್ವೇನಿಯಾದ ಆ ಕಲ್ಲಿದ್ದಲ ಊರಿನಲ್ಲಿ ಸಂಬಳವಿಲ್ಲದೆ ಬೆಂಕಿಗೆ ನುಗ್ಗುವವರಿಗಿದ್ದ ಮರ್ಯಾದೆ ಪಾದ್ರಿಗೂ ಇರಲಿಲ್ಲ.

"ನೀನು ಬೆಂಕಿ ಆರಿಸೋಕೆ ಬರಲ್ಲ, ನೋಡೋಕೆ ಬರ್ತೀಯ," ಎಂದ ದಳದ ಮುಖ್ಯಸ್ಥ ಓರಿನ್. "ಮನೇಲೇ ಕೂತು ಆ ಪೆಟ್ಟಿಗೆ ಕೇಳ್ಕೋ ಹೋಗಪ್ಪ. ಚಂದ್ರಲೋಕದ ಪೊಲೀಸ್ರೂ ಸಿಗ್ತಾರೇನೋ ನೋಡು."

ಎಲ್ಲರೂ ನಕ್ಕರು. ಎಲ್ಡನ್‌ನ ಸ್ವಂತ ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಆ ನಗು ಅಂಗಾಲಿನಲ್ಲಿ ಮುರಿದ ಮುಳ್ಳಿನಂತೆ ಅವನೊಳಗೆ ಉಳಿಯಿತು.

ಪೆಟ್ಟಿಗೆ ಎಂದರೆ ಸ್ಕ್ಯಾನರ್. ಪೊಲೀಸರು, ಆಂಬುಲೆನ್ಸಿನವರು ರೇಡಿಯೊದಲ್ಲಿ ತಮ್ಮತಮ್ಮಲ್ಲೇ ಆಡುವ ಮಾತನ್ನು ಚಾನೆಲ್ಲಿನಿಂದ ಚಾನೆಲ್ಲಿಗೆ ಅಲೆದು ಹಿಡಿಯುವ, ಇಟ್ಟಿಗೆಯಷ್ಟು ದಪ್ಪದ ಯಂತ್ರ. ಚಾನೆಲ್ಲುಗಳನ್ನು ನೆನಪಿಡಲು ಕಾರ್ಖಾನೆಯವರು ಅದಕ್ಕೆ ಕೊಟ್ಟಿದ್ದ ಜಾಗ ಎಲ್ಡನ್‌ಗೆ ಸಾಲಲಿಲ್ಲ. ಮುಚ್ಚಳ ಬಿಚ್ಚಿ, ಬೆಸುಗೆ ಕರಗಿಸಿ ಹಳೆಯ ಚಿಪ್ ಕಿತ್ತ. ದೊಡ್ಡ ಚಿಪ್ ಕೂರಿಸಿ, ಭೂತಗನ್ನಡಿಯಡಿ ಕೂದಲಿನಂಥ ತಂತಿಗಳನ್ನು ಉಸಿರು ಬಿಗಿಹಿಡಿದು ಬೆಸೆದ. ಈಗ ಎಷ್ಟು ಚಾನೆಲ್ ತುಂಬಿದರೂ ಜಾಗ ಮಿಗುತ್ತಿತ್ತು. ಖಾಲಿ ಬಿಡುವುದು ಅವನ ಜಾಯಮಾನವಲ್ಲ. ಊರ ಪೊಲೀಸರದು ತುಂಬಿದ ಮೇಲೆ ಪಕ್ಕದ ಜಿಲ್ಲೆಯ ಪೊಲೀಸರು, ಅರಣ್ಯದವರು, ಶಾಲೆಯ ಬಸ್ಸಿನವರು, ಹಿಮ ಬಾಚುವ ಲಾರಿಯವರು, ಹೆಣ ಸಾಗಿಸುವವರು, ಯಾರನ್ನೂ ಬಿಡಲಿಲ್ಲ.

ಮುಂದಿನ ಚಳಿಗಾಲದವರೆಗೆ ಕಾದ. ಶನಿವಾರ ಬೆಳಿಗ್ಗೆ ಓರಿನ್‌ನ ಹೆಂಡತಿ ಚರ್ಚಿಗೆ ಆಲೂಗಡ್ಡೆ ಕಡುಬು ಕಟ್ಟಲು ಹೋಗುತ್ತಾಳೆ. ಓರಿನ್ ಒಬ್ಬನೇ ಗ್ಯಾರೇಜಿನಲ್ಲಿರುತ್ತಾನೆ. ಹಿಂದೆ ತೊರೆ, ಅದರಾಚೆ ಎಲ್ಡನ್‌ನ ಗಾಡಿ. ಬೀಳುವ ಹಿಮ ಹೆಜ್ಜೆ ಮುಚ್ಚುತ್ತದೆ. ಕೂಗು ಕೇಳಿ ಯಾರಾದರೂ ಫೋನ್ ಮಾಡಿದರೆ, ಪೊಲೀಸರಿಗೆ ಕರೆ ಹೋದ ಕ್ಷಣವೇ ಎಲ್ಡನ್‌ನ ಕಿವಿಗೂ ಬೀಳುತ್ತದೆ. ಜಾರುವ ದಾರಿಯಲ್ಲಿ ಅವರು ಗುಡ್ಡ ಹತ್ತಿ ಬರುವಷ್ಟರಲ್ಲಿ ಅವನು ತೊರೆ ದಾಟಿರುತ್ತಾನೆ. ಆದ್ದರಿಂದ ಅವಸರ ಬೇಕಿಲ್ಲ. ಅವನಿಗೆ ಬೇಕಾಗಿದ್ದದ್ದೂ ಅದೇ. ಒಂದೇ ಏಟಿಗೆ ಮುಗಿದರೆ ವರ್ಷವಿಡೀ ಕಾದದ್ದಕ್ಕೆ ಏನು ಬಂತು?

ಸೊಂಟಕ್ಕೆ ಪೆಟ್ಟಿಗೆ, ಕಿವಿಗೆ ತಂತಿ, ತೋಳಿನೊಳಗೆ ಕಬ್ಬಿಣದ ಸರಳು. ಓರಿನ್ ಗಾಡಿಯ ಎಂಜಿನ್ನಿನ ಮೇಲೆ ಬಗ್ಗಿದ್ದ.

"ಎಲ್ಡನ್ನಾ? ಬಾಗಿಲು ಹಾಕೋ, ಚಳಿ ನುಗ್ತಿದೆ. ಕಿವೀಲಿ ಇನ್ನೂ ಆ ಆಟಿಕೆ ಬಿಟ್ಟಿಲ್ವಾ?"

"ನನ್ ಕೋಟೆಲ್ಲಿ?"

"ಅದಕ್ ಬಂದ್ಯಾ? ನಾಯಿಗೆ ಹಾಸಿದೀನಿ."

ಮೊದಲ ಏಟು ಮಂಡಿಗೆ. ಹಸಿ ಕೊಂಬೆ ಮುರಿದ ಸದ್ದಾಯಿತು. ಓರಿನ್ ಕೂಗಿದ ಕೂಗಿಗೆ ತಗಡಿನ ಗೋಡೆ ಗುಂಯ್ಗುಟ್ಟಿತು. ಎಲ್ಡನ್ ಅವನನ್ನು ಕೂಗಲು ಬಿಟ್ಟ. ಎಲ್ಡನ್‌ನ ಕಿವಿಯಲ್ಲಿ ಪೊಲೀಸರ ಸುದ್ದಿಯೇ ಇಲ್ಲ. ಹಿಮ ಬಾಚುವ ಲಾರಿಯ ಮುದುಕ ಸ್ಟಾನಿಸ್ಲಾವ್ ಯಾವುದೋ ಮದುವೆ ಹಾಡನ್ನು ಶ್ರುತಿಗೆಟ್ಟು ಹಾಡುತ್ತಿದ್ದ. ಊರು ನೆಮ್ಮದಿಯಾಗಿದೆ ಅನ್ನಿಸಿತು. ಎರಡನೆಯ ಏಟಿಗೆ ಅಡ್ಡ ಹಿಡಿದ ಬೆರಳುಗಳು ಚೂರಾದವು.

"ಬಿಡೋ... ಕೋಟು ಅಲ್ಲೇ ಇದೆ... ಮೊಳೆಗೆ ಹಾಕಿದೀನಿ..."

ಮೂರನೆಯದು ದವಡೆಗೆ. ಆಮೇಲೆ ಮಾತಿರಲಿಲ್ಲ, ಗೊರಗೊರ ಸದ್ದಷ್ಟೆ. ತಲೆಯನ್ನು ಕೊನೆಗೆ ಉಳಿಸಿಕೊಂಡಿದ್ದ. ಸರಳು ಮತ್ತೆ ಮತ್ತೆ ಎತ್ತಿ ಇಳಿಸಿದ. ಮುಖ ಯಾರದೆಂದು ತಿಳಿಯದಂತಾಯಿತು. ಸಿಮೆಂಟಿನ ಮೇಲಿನ ರಕ್ತದಿಂದ ಹಬೆ ಎದ್ದು, ಆರಿತು.

ಕೋಟು ನಿಜವಾಗಿಯೂ ಮೊಳೆಯಲ್ಲಿತ್ತು, ಒಗೆದು ಮಡಿಯಾಗಿ. ಎಲ್ಡನ್ ತೊಟ್ಟುಕೊಂಡು ಸ್ಟೂಲಿನ ಮೇಲೆ ಬಹಳ ಹೊತ್ತು ಕೂತ. ಓರಿನ್‌ನ ಕಾಫಿಯನ್ನೂ ಕುಡಿದ. ಸರಳು ತೊಳೆದು, ಚಿಲಕ ಒರೆಸಿ, ನಿಧಾನಕ್ಕೆ ಹಿಂಬಾಗಿಲು ತೆರೆದ.

ಎದುರಿಗೆ ಪೊಲೀಸಿನ ಡಾರ್ಲೀನ್ ಕ್ರೆಮರ್ ಬಂದೂಕು ಗುರಿಹಿಡಿದು ನಿಂತಿದ್ದಳು. "ಸರಳು ಕೆಳಗಿಡು, ಎಲ್ಡನ್. ಪಕ್ಕದ್ಮನೆ ಅಜ್ಜಿ ಫೋನ್ ಮಾಡಿದಾಗಿಂದ ರೇಡಿಯೊದಲ್ಲಿ ಇದೇ ಮಾತು. ಊರಿಗೆಲ್ಲ ಕೇಳಿಸ್ತು, ನಿಂಗ್ ಕೇಳಿಸ್ಲಿಲ್ವಾ?" ಅವನ ಕಿವಿಯಲ್ಲಿ ಸ್ಟಾನಿಸ್ಲಾವ್ ಇನ್ನೂ ಹಾಡುತ್ತಲೇ ಇದ್ದ. ಲಾರಿಯ ಮೈಕು ಮುದುಕನ ತೊಡೆಯಡಿ ಸಿಕ್ಕಿ ಅದರ ಗುಂಡಿ ಅದುಮಿಕೊಂಡೇ ಇತ್ತು. ಒಂದು ಚಾನೆಲ್ಲಿನಲ್ಲಿ ದನಿ ಇರುವತನಕ ಸ್ಕ್ಯಾನರು ಅದನ್ನು ಬಿಟ್ಟು ಮುಂದಿನದಕ್ಕೆ ಹೋಗುವುದಿಲ್ಲ.