ಎರಡನೇ ಸಲ ಎತ್ತಿದ ಟೋಪಿ

ಆ ಟೋಪಿಯವನು ದಿನಾ ಯಾರಿಗೆ ಸಲಾಮು ಹೊಡೆಯುತ್ತಾನೆ? ಒಂದು ತಿಂಗಳಿಂದ ಸೆನಾಯ್ದಾಳ ತಲೆಯಲ್ಲಿ ಇದೇ ಹುಳ.

ಅಮೆರಿಕದ ಯಾಕಿಮಾ ಕಣಿವೆಯ ಆ ಊರಿನ ಸ್ಪ್ಯಾನಿಷ್ ಟಿವಿ ಚಾನೆಲ್ ತೀರ ಪುಟ್ಟದು. ಹೊಳೆ ದಾಟಿದರೆ ಸಿಗ್ನಲ್ ಸತ್ತುಹೋಗುತ್ತದೆ. ಊರಿನ ಚಾಡಿಮಾತೇ ಅದಕ್ಕಿಂತ ದೂರ ಹೋಗುತ್ತದೆ. ಮಧ್ಯಾಹ್ನ ಸೆನಾಯ್ದಾ ಹವಾಮಾನ ಓದುವಾಗ ಟಿವಿಯಲ್ಲಿ ಅವಳ ಮುಖ ಬರುವುದಿಲ್ಲ. ಸ್ಟುಡಿಯೋ ಛಾವಣಿಯ ಕ್ಯಾಮೆರಾ ಎದುರಿನ ಪಾರ್ಕಿಂಗ್ ಜಾಗವನ್ನಷ್ಟೇ ತೋರಿಸುತ್ತದೆ. ನಡುವೆ ಜನ ಫೋನ್ ಮಾಡಿ ತಮ್ಮವರಿಗೆ ಶುಭಾಶಯ ಹೇಳುತ್ತಾರೆ. ಅದೇ ಹೊತ್ತಿಗೆ ಸೇಬಿನ ಪ್ಯಾಕಿಂಗ್ ಶೆಡ್ಡಿನ ಫೆರ್ಮೀನ್ ಬಂದು, ಟಾಕೋ ರೊಟ್ಟಿ ಮಾರುವ ಗಾಡಿಯ ಪಕ್ಕ ನಿಂತು, ಛಾವಣಿ ನೋಡಿ ಟೋಪಿ ಎತ್ತುತ್ತಾನೆ. ಆಮೇಲೆ ಕಣ್ಣು ಕೆಳಗಿಳಿಸಿ, ಅವಳ ಕಿಟಕಿಯತ್ತ ಇನ್ನೊಮ್ಮೆ.

"ನಿಂಗೇ ಕಣೇ," ಅಂದ ಕ್ಯಾಮೆರಾ ನೋಡಿಕೊಳ್ಳುವ ರೊಹೇಲಿಯೊ. "ಗೋಡೆಗೆ ಯಾರಾದ್ರೂ ಟೋಪಿ ಎತ್ತಾರಾ?"

ಅವಳು ಹೊಸ ಓಲೆ ಹಾಕಿಕೊಂಡು ಬಂದಳು.

"ಮುಖಾನೇ ಬರಲ್ಲ, ಓಲೆ ಯಾರಿಗೆ?"

"ಬಾಯ್ಮುಚ್ಕೊಂಡು ನಿನ್ನ ವೈರ್ ನೋಡ್ಕೋ."

ಗುರುವಾರ ತಡೆಯಲಾಗಲಿಲ್ಲ. ಕಾರ್ಯಕ್ರಮ ಮುಗಿದದ್ದೇ ಗಾಡಿಯ ಹತ್ತಿರ ಹೋಗಿ ನಿಂತಳು.

"ಏನ್ರೀ, ದಿನಾ ಟೋಪಿ ಎತ್ತೋದು ಯಾರಿಗೆ?"

ಫೆರ್ಮೀನನ ಕಿವಿ ಕೆಂಪಾಯಿತು. ಅವಳ ಓಲೆ ನೋಡಿದ, ಕೈಯಲ್ಲಿದ್ದ ಟಾಕೋ ನೋಡಿದ. "ನಮ್ಮಮ್ಮಂಗೆ. ಸೊಂಟ ಮುರ್ಕೊಂಡು ಮಲಗಿದಾಳೆ. ಫೋನಲ್ಲಿ ಎಲ್ರೂ ಚೆನ್ನಾಗಿದೀನಿ ಅಂತಾರೆ, ಟಿವೀಲಾದ್ರೂ ನಿನ್ನ ಕಣ್ಣಾರೆ ನೋಡ್ಬೇಕು ಅಂತಾಳೆ."

"ಓ... ಒಳ್ಳೇ ಮಗ."

ಒಳಗೆ ಬಂದವಳೇ ಓಲೆ ಕಿತ್ತು ಡ್ರಾಯರಿಗೆ ಎಸೆದಳು. ಮೂವತ್ತಾರು ತುಂಬಿದವಳಿಗೆ ಇದೆಂಥ ಹುಚ್ಚು!

ಮರುದಿನ ಕಿಟಕಿಯ ಕರ್ಟನ್ ಮುಚ್ಚಿಕೊಂಡೇ ಹವಾಮಾನ ಓದಿದಳು. ಫೋನ್ ಬಂತು.

"ಯಾರಿಗಮ್ಮಾ ಶುಭಾಶಯ?"

"ಶುಭಾಶಯ ಅಲ್ಲ ಮಗಳೇ, ದೂರು. ನಾನು ಕ್ಲೆಯೋಫಾಸ್, ಫೆರ್ಮೀನನ ತಾಯಿ. ಮುಂಚೆ ನನ್ನ ಮಗ ಒಂದೇ ಸಲ ಟೋಪಿ ಎತ್ತುತ್ತಿದ್ದ. ಈ ಒಂದು ತಿಂಗಳಿಂದ ಎರಡು ಸಲ. ಮೊದಲ್ನೇದು ನಂಗೆ. ಎರಡನೇದು ನಂಗಲ್ಲ. ಮುರಿದಿರೋದು ಸೊಂಟ, ಕಣ್ಣಲ್ಲ. ಇವತ್ತು ಎತ್ತಿದ ಟೋಪಿ ಕೈಯಲ್ಲೇ ಉಳಿದಿದೆ, ಬೆಪ್ಪನ ಹಾಗೆ ನಿಂತಿದಾನೆ. ಏನ್ಮಾಡ್ದೆ ಅವನಿಗೆ?"

ಇಡೀ ಊರು ಕೇಳಿಸಿಕೊಂಡಿತು. ಸೆನಾಯ್ದಾ ಕರ್ಟನ್ ಸರಿಸಿದಳು. ಟಾಕೋ ಗಾಡಿಯ ಟಿವಿಯ ಮುಂದೆ ಫೆರ್ಮೀನ್ ತಲೆ ತಗ್ಗಿಸಿ ಟೋಪಿಯ ಅಂಚನ್ನು ತಿರುಗಿಸುತ್ತಿದ್ದ.

"ರೊಹೇಲಿಯೊ, ಮಳೆ ಇಲ್ಲ ಅಂತ ನೀನೇ ಹೇಳ್ಬಿಡು," ಅಂದು ಎದ್ದಳು. ಅವಸರದಲ್ಲಿ ಓಲೆ ಒಂದೇ ಕಿವಿಗೆ ಹತ್ತಿತು.

ಗಾಡಿಯ ಹತ್ತಿರ ಓಡಿಹೋಗಿ ಅವನೆದುರು ನಿಂತಳು. "ಎರಡನೇ ಸಲ ಎತ್ತೋದು ಯಾರಿಗೆ?"

"ನಿಮಗೇ. ನಿನ್ನೆ ಅರ್ಧ ನಿಜ ಹೇಳಿದೆ. ಉಳಿದರ್ಧಕ್ಕೆ ಧೈರ್ಯ ಸಾಲ್ಲಿಲ್ಲ."

ಅವಳು ಅವನ ಕೈಯಿಂದ ಟೋಪಿ ತೆಗೆದುಕೊಂಡಳು. ಫೋನ್ ಇನ್ನೂ ಕಟ್ ಆಗಿರಲಿಲ್ಲ; ಗಾಡಿಯ ಟಿವಿಯಿಂದ ಮುದುಕಿಯ ದನಿ ಕೂಗಿತು: "ನಿಂತ್ಕೊಂಡು ಏನ್ ನೋಡ್ತೀಯೇ, ಅವನ ತಲೆ ಮೇಲಿಡು! ಬಿಸಿಲು!"

ಸೆನಾಯ್ದಾ ಇಟ್ಟಳು. ಕೈಯನ್ನು ಮಾತ್ರ ಬೇಗ ತೆಗೆಯಲಿಲ್ಲ.