ಬಾನಿಯಲ್ಲಿ ಬೆಳೆದ ರಾಜಕುಮಾರ

ಬಹಳ ಹಿಂದೆ, ಬೆಟ್ಟಗುಡ್ಡಗಳಿಗೆ ಜನ ಇನ್ನೂ ಹೆಸರಿಡುತ್ತಿದ್ದ ಕಾಲದಲ್ಲಿ, ಸ್ಫಟಿಕಾವತಿ ಎಂಬ ರಾಜ್ಯವಿತ್ತು. ಅದರ ದೊರೆ ಹೇಮಬಾಹು, ರಾಣಿ ಪದ್ಮಗಂಧಿನಿ. ಅವರಿಗೆ ಮೂವರು ಮಕ್ಕಳು. ಹಿರಿಯಳು ಕನಕಾಂಗಿ, ನಡುವಿನವಳು ಚಿತ್ರಾಂಗಿ, ಕಿರಿಯವನು ಹದಿನೈದು ವರ್ಷದ ಇಂದುಧರ. ಮಕ್ಕಳೆಂದರೆ ರಾಜರಾಣಿಯರಿಗೆ ಪ್ರಾಣ. ಒಬ್ಬರು ಸೀನಿದರೆ ಮೂರು ಊರಿನ ವೈದ್ಯರು ಓಡಿ ಬರಬೇಕು.

ಒಂದು ದಿನ ತುಂಬಿದ ಸಭೆಯಲ್ಲಿ ರಾಜ ಮೀಸೆ ತಿರುವಿ ಹೇಳಿದ: “ಮಕ್ಕಳನ್ನು ನಮ್ಮಂತೆ ಸಾಕಿದವರು ಹದಿನಾಲ್ಕು ಲೋಕದಲ್ಲಿ ಯಾರಿದ್ದಾರೆ?”

ಹೇಳಬಾರದಿತ್ತು. ಮಾತು ಮುಗಿಯುವಷ್ಟರಲ್ಲಿ ಸಭೆಯ ನಡುವೆ ಹೊಗೆ ಎದ್ದಿತು. ಹೊಗೆಯೊಳಗಿಂದ ಒಬ್ಬ ಮುದುಕ ಹೊರಬಂದ. ಅವನ ಗಡ್ಡವೂ ಹೊಗೆಯದೇ. ಅದಕ್ಕೇ ಅವನನ್ನು ಹೊಗೆಗಡ್ಡ ಮಾಂತ್ರಿಕ ಎನ್ನುತ್ತಿದ್ದರು. ಅವನ ಕೊರಳಲ್ಲಿ ಮೊಣಕಾಲಿನವರೆಗೆ ಇಳಿಯುವ ಹವಳದ ಸರವಿತ್ತು.

“ನೋಡಿಯೇ ಬಿಡೋಣ,” ಎಂದು ಅವನು ಮೂರು ಸಲ ಚಿಟಿಕೆ ಹೊಡೆದ.

ಮೊದಲ ಚಿಟಿಕೆಗೆ ಕನಕಾಂಗಿ ಕಾಣೆಯಾದಳು. ಎರಡನೆಯದಕ್ಕೆ ಚಿತ್ರಾಂಗಿ. ಮೂರನೆಯದಕ್ಕೆ ಇಂದುಧರ. ಅವರು ಕುಳಿತಿದ್ದ ಪೀಠಗಳ ಮೇಲೆ ಮೂರು ಗಾಜಿನ ಬೋಗುಣಿಗಳಿದ್ದವು. ಒಂದೊಂದರಲ್ಲೂ ಒಂದೊಂದು ಹೊನ್ನಿನ ಮೀನು.

ರಾಣಿ ಚೀರಿದಳು. ಸೈನಿಕರು ಕತ್ತಿ ಬೀಸಿದರು. ಕತ್ತಿ ಹೊಗೆಯಲ್ಲಿ ಹೋಗಿ ಹೊಗೆಯಲ್ಲೇ ಬಂತು.

“ಒಂದು ಮಂಡಲ, ನಲವತ್ತೆಂಟು ದಿನ ಸಾಕಿ,” ಎಂದ ಹೊಗೆಗಡ್ಡ. “ನಾನು ಮುಟ್ಟುವುದಿಲ್ಲ, ಮಂತ್ರ ಹಾಕುವುದಿಲ್ಲ, ಈ ಕಡೆ ತಲೆ ಹಾಕುವುದೂ ಇಲ್ಲ. ಒಂದೇ ಒಂದು ಮೀನು ಬದುಕುಳಿದರೂ ಮೂವರೂ ನಿಮ್ಮವರು. ಸತ್ತ ಮೀನು ನನ್ನ ಸರಕ್ಕೆ ಹವಳ. ಮೂರೂ ಸತ್ತರೆ ಮೂರೂ ನನ್ನವೇ.”

ಅವನು ಹೋದ ಮೇಲೆ ಮಂತ್ರಿ ಮೆಲ್ಲಗೆ ಹೇಳಿದ: “ಮಹಾಪ್ರಭು, ಅಳುವುದೇಕೆ? ಆನೆ ಸಾಕಿದ್ದೇವೆ, ಹುಲಿ ಸಾಕಿದ್ದೇವೆ. ಮೀನು ಯಾವ ಮಹಾ?”

ರಾಜನಿಗೂ ಹೌದೆನ್ನಿಸಿತು.

ರಾಣಿ ಮೊದಲು ಕನಕಾಂಗಿಯ ಬೋಗುಣಿಯ ಮುಂದೆ ಕುಳಿತಳು. ಮೀನು ಮೇಲೆ ಬಂದು ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. “ಅಯ್ಯೋ, ನನ್ನ ಕಂದನಿಗೆ ಹಸಿವು!” ಎಂದು ರಾಣಿ ತುಪ್ಪದನ್ನದ ಅಗುಳು ಹಾಕಿದಳು. ಮೀನು ನುಂಗಿತು. ಮತ್ತೆ ಬಾಯಿ ತೆರೆಯಿತು. ಚಿರೋಟಿಯ ಪುಡಿ ಹಾಕಿದಳು, ಕೇಸರಿಭಾತು ಹಾಕಿದಳು. ಬೆಳಗಿನಿಂದ ಸಂಜೆಯವರೆಗೆ ಮೀನು ಬಾಯಿ ತೆರೆಯುತ್ತಲೇ ಇತ್ತು, ತಾಯಿ ಹಾಕುತ್ತಲೇ ಇದ್ದಳು. ನಾಲ್ಕನೆಯ ದಿನ ನೀರು ಗಂಜಿಯಂತೆ ಬೆಳ್ಳಗಾಗಿ ನಾರತೊಡಗಿತು. ಮೀನು ಹೊಟ್ಟೆ ಮೇಲೆ ಮಾಡಿ ತೇಲಿತು. ರಾಣಿ ಕೈಯಿಟ್ಟು ಎತ್ತುವ ಮೊದಲೇ ಅದು ಕರಗಿ ಹೋಯಿತು.

“ಕೊಳೆ ನೀರು ಕೊಂದಿತು!” ಎಂದು ರಾಜ ಗುಡುಗಿದ. ಅಂದಿನಿಂದ ದಿನಕ್ಕೆ ಮೂರು ಬಾರಿ ಚಿತ್ರಾಂಗಿಯ ಬೋಗುಣಿಯ ನೀರನ್ನೆಲ್ಲ ಚೆಲ್ಲಿ, ಹುಣಸೆಹಣ್ಣು ಬೂದಿ ಹಾಕಿ ಫಳಫಳ ಉಜ್ಜಿ, ಆಗಷ್ಟೇ ಸೇದಿದ ತಣ್ಣನೆಯ ಬಾವಿನೀರು ತುಂಬಿದರು. ಒಂದಗುಳು ಕೂಡ ಹೆಚ್ಚು ಹಾಕಲಿಲ್ಲ. ಒಂಬತ್ತನೆಯ ದಿನ ರಾಜ ಬಗ್ಗಿ ನೋಡಿದ. ನೀರಿನಲ್ಲಿ ಅವನ ಮುಖ ಕನ್ನಡಿಯಲ್ಲಿ ಕಂಡಷ್ಟು ಚೆನ್ನಾಗಿ ಕಂಡಿತು. ತಳದಲ್ಲಿ ಮೀನು ಸತ್ತು ಬಿದ್ದಿತ್ತು.

ಇದನ್ನು ಹೇಳುವಾಗ ನನಗೆ ಇಂದಿಗೂ ಎದೆ ಝಲ್ಲೆನ್ನುತ್ತದೆ. ತಿನ್ನಿಸಿದರೂ ಸಾವು, ತೊಳೆದರೂ ಸಾವು. ಇನ್ನು ಉಳಿದವನು ಇಂದುಧರ ಒಬ್ಬನೇ.

“ಇದು ಮಾಂತ್ರಿಕನ ಮೋಸ,” ಎಂದ ಮಂತ್ರಿ. ಎಲ್ಲರೂ ನಂಬಿದರು. ಊರೂರಲ್ಲಿ ಡಂಗುರ ಸಾರಿದರು: ಮೀನು ಉಳಿಸಿದವರಿಗೆ ಕೇಳಿದ್ದು ಕೊಡಲಾಗುವುದು, ಮೀನು ಸತ್ತರೆ ತಲೆ ತೆಗೆಯಲಾಗುವುದು. ಡಂಗುರದ ಮೊದಲರ್ಧ ಕೇಳಿ ಓಡಿ ಬಂದವರು ಉಳಿದರ್ಧ ಕೇಳಿ ಓಡಿ ಹೋದರು.

ಬಂದವಳು ಸಣ್ಣೀರಿ ಒಬ್ಬಳೇ. ಅವಳು ಊರ ಹಿರಿಕೆರೆಯ ನೀರುಗಂಟಿ. ಕೆರೆಯ ತೂಬು ತೆಗೆದು ಮುಚ್ಚಿ ಗದ್ದೆಗಳಿಗೆ ನೀರು ಹಂಚುವುದು ಅವಳ ಕೆಲಸ. ಕೆಸರು ಮೆತ್ತಿದ ಕಾಲಲ್ಲೇ ಅಮೃತಶಿಲೆಯ ಮೇಲೆ ನಡೆದು ಬಂದಳು. ಬೋಗುಣಿಗೆ ಬೆರಳದ್ದಿ ಮೂಸಿದಳು.

“ಬುದ್ಧೀ, ಮಾಂತ್ರಿಕ ಕೊಂದಿಲ್ಲ,” ಎಂದಳು. “ನೀವೇ ಕೊಂದಿದ್ದೀರಿ.”

ಸೇನಾಪತಿಯ ಕತ್ತಿ ಅರ್ಧ ಹೊರಬಂದು ಅಲ್ಲೇ ನಿಂತಿತು. ರಾಜ ಸಿಂಹಾಸನದಿಂದ ಎದ್ದ.

“ನಾವು? ನಾವು ಪ್ರಾಣ ಕೊಟ್ಟು ಸಾಕಿದೆವು!”

“ಸಾಕಿದ್ರಿ ಬುದ್ಧೀ, ಅದೇ ಜಾಸ್ತಿ ಆಯ್ತು. ಮೀನು ಉಣ್ಣೋದೂ ಅದೇ ನೀರಲ್ಲಿ, ಹೇಲೋದೂ ಅದೇ ನೀರಲ್ಲಿ. ಈ ಅಂಗೈ ಅಗಲದ ಬೋಗುಣೀಲಿ ಅದು ತನ್ನ ಹೊಲಸನ್ನೇ ತಾನು ಉಸಿರಾಡ್ಬೇಕು. ನಿಮ್ಮ ದೇವರಂಥ ಮಗನ್ನ ಬಚ್ಚಲಲ್ಲಿ ಕೂಡಿಹಾಕಿ ಹೋಳಿಗೆ ಬಡಿಸಿದ್ರೆ ಬದುಕ್ತಾನಾ?”

ಹಾಗೆ ರಾಜನೊಂದಿಗೆ ಯಾರೂ ಎಂದೂ ಮಾತಾಡಿರಲಿಲ್ಲ. ಹೇಮಬಾಹು ಒಪ್ಪಿ ಕೈಸನ್ನೆ ಮಾಡಿದ. ಸಣ್ಣೀರಿ ಎಂಟು ಜೋಡಿ ಎತ್ತು ಕಟ್ಟಿ ಕೆರೆಯ ಏರಿಯಿಂದ ಒಂದು ಕಲ್ಲಿನ ಬಾನಿ ಎಳೆಸಿ ತಂದಳು. ದನಗಳು ನೀರು ಕುಡಿಯುವ ಬಾನಿ, ಮಂಚಕ್ಕಿಂತ ಉದ್ದ. ಹತ್ತು ವರ್ಷದಿಂದ ಅದು ಖಾಲಿಯಾಗಿರಲಿಲ್ಲ. ಒಳಗೆ ಹಸಿರು ಪಾಚಿ, ಲೋಳೆ ಹಿಡಿದ ಕಲ್ಲು. ಅದನ್ನು ಕಂಡು ದಾಸಿಯರು ಮೂಗು ಮುಚ್ಚಿಕೊಂಡರು. ಸಣ್ಣೀರಿ ಬಿದಿರಿನ ಕೊಳವೆ ಕಟ್ಟಿ, ನೀರು ತೊಟತೊಟ ಬಿದ್ದು ಸದಾ ಅಲುಗುವಂತೆ ಮಾಡಿದಳು. ಬೋಗುಣಿಯನ್ನು ಬಾನಿಯಲ್ಲಿ ತೇಲಬಿಟ್ಟು, ಬೆಳಗಿನಿಂದ ನಡುಮಧ್ಯಾಹ್ನದವರೆಗೆ ಒಂದೊಂದೇ ಸೌಟು ಬಾನಿಯ ನೀರು ಬೆರೆಸಿ, ಆಮೇಲೆ ಇಂದುಧರನನ್ನು ಬಿಟ್ಟಳು. ಮೀನು ಮೊದಲ ಸಲ ಬಾಲ ಬೀಸಿ ನೇರವಾಗಿ ಈಜಿತು.

ದಿನಕ್ಕೊಮ್ಮೆ ಊಟ. ಹಿಸುಕಿ ಸಿಪ್ಪೆ ತೆಗೆದು ಬೇಯಿಸಿದ ಅವರೆಬೇಳೆ, ಎರಡು ಮೂರು ಚೂರು. ಒಂದು ವೀಳ್ಯದೆಲೆ ಮಡಿಸುವಷ್ಟರಲ್ಲಿ ತಿಂದರೆ ತಿಂದಿತು, ಇಲ್ಲದಿದ್ದರೆ ಉಳಿದದ್ದನ್ನು ತೆಗೆದುಬಿಡಬೇಕು. ಏಕಾದಶಿಗೆ ಮೀನಿಗೂ ಉಪವಾಸ. ವಾರಕ್ಕೊಮ್ಮೆ ಬಾನಿಯ ಕಾಲುಭಾಗ ನೀರು ತೆಗೆದು, ಒಂದು ದಿನ ಬಿಸಿಲಲ್ಲಿಟ್ಟ ನೀರನ್ನು ಮೆಲ್ಲಗೆ ತುಂಬಬೇಕು. ಇಷ್ಟೇ ಅವಳ ಕಟ್ಟಳೆ. ಇಷ್ಟನ್ನು ಪಾಲಿಸುವುದು ಎಷ್ಟು ಕಷ್ಟವೆಂದು ಅರಮನೆಗೆ ಆಮೇಲೆ ತಿಳಿಯಿತು.

ಇಪ್ಪತ್ತನೆಯ ದಿನ ರಾಣಿ ತಟ್ಟೆ ತುಂಬ ಕೇಸರಿಭಾತು ಹಿಡಿದು ಬಂದಳು. ಇಂದುಧರ ಮೇಲೆ ಬಂದು ಬಾಯಿ ತೆರೆದ.

“ನೋಡು, ಬೇಡುತ್ತಿದ್ದಾನೆ! ನೀನು ಹೆತ್ತಿದ್ದರೆ ತಿಳಿಯುತ್ತಿತ್ತು!”

“ಅಮ್ಮಾವ್ರೇ, ಈ ಜಾತಿ ಮೀನಿಗೆ ಹೊಟ್ಟೆ ತುಂಬಿದ್ದು ತಿಳಿಯೋದೇ ಇಲ್ಲ. ಇವತ್ತು ಬಾಯಿ ತೆಗೀತದೆ, ನಾಳೆ ತೆಗೀತದೆ, ಸಾಯೋ ಗಳಿಗೇಲೂ ತೆಗೀತದೆ. ಅತಿಯಾದ್ರೆ ಅಮೃತಾನೂ ವಿಷ.”

ರಾಣಿಯ ಕೈ ಗಾಳಿಯಲ್ಲೇ ನಿಂತಿತು. “ಹಾಗಾದರೆ ಕನಕಾಂಗಿಯನ್ನು... ಈ ಕೈಯಿಂದಲೇ...” ಎಂದಳು. ತಟ್ಟೆ ಕೆಳಗೆ ಬಿತ್ತು. ಸಣ್ಣೀರಿ ಅವಳನ್ನು ಹಿಡಿದುಕೊಂಡು ಕೂರಿಸಿದಳು. ಇಬ್ಬರೂ ಸಂಜೆಯವರೆಗೆ ಅಲ್ಲೇ ಕುಳಿತಿದ್ದರು.

ಮೂವತ್ತನೆಯ ದಿನ ಸಣ್ಣೀರಿ ತೂಬು ತೆಗೆಯಲು ಕೆರೆಗೆ ಹೋಗಿದ್ದಳು. ಅಷ್ಟರಲ್ಲಿ ರಾಜ ಬಂದು ಬಾನಿ ನೋಡಿದ. “ನನ್ನ ಮಗ ಪಾಚಿಯಲ್ಲಿ! ತೊಳೆಯಿರಿ!” ಎಂದ. ಸಣ್ಣೀರಿ ಮರಳುವಾಗ ಕೊಡಗಟ್ಟಲೆ ನೀರು ಹೊರಗೆ ಹರಿಯುತ್ತಿತ್ತು. ಆಳೊಬ್ಬ ಕಲ್ಲು ಉಜ್ಜಲು ಬೂದಿ ಹಿಡಿದು ನಿಂತಿದ್ದ. ಅವಳು ಓಡಿಬಂದು ಬಾನಿಯ ಮೇಲೆ ಅಡ್ಡ ಬಿದ್ದಳು.

“ಮೊದಲು ನನ್ನ ತಲೆ ತೆಗೀರಿ, ಆಮೇಲೆ ಪಾಚಿ ತೆಗೀರಿ! ಆ ಲೋಳೇಲಿ ಕಣ್ಣಿಗೆ ಕಾಣದ ಕೆಲಸಗಾರರು ಅವ್ರೆ ಬುದ್ಧೀ. ಮೀನಿನ ಹೊಲಸನ್ನ ತಿಂದು ನೀರನ್ನ ಉಳಿಸೋರು ಅವರೇ. ಬೋಗುಣಿ ಉಜ್ಜುಜ್ಜಿ ಅವರನ್ನ ಕೊಂದ್ರಿ, ಅವರ ಹಿಂದೆ ಚಿತ್ರಾಂಗಿ ಅಮ್ಮಾವ್ರು ಹೋದ್ರು.”

ತಾನು ತೊಳೆದದ್ದು ಮಗಳ ಉಸಿರನ್ನು ಎಂದು ರಾಜನಿಗೆ ಆಗ ಹೊಳೆಯಿತು. ಅವನೇ ಕೊಡ ಹೊತ್ತು, ಬಿಸಿಲಿಗಿಟ್ಟ ನೀರನ್ನು ಸೌಟು ಸೌಟಾಗಿ ಬಾನಿಗೆ ತುಂಬಿದ. ರಾಜ ನೀರು ಹೊರುವುದನ್ನು ನೋಡಲು ಊರೇ ನೆರೆಯಿತು.

ನಲವತ್ತನಾಲ್ಕನೆಯ ದಿನ ಇಂದುಧರನ ಕೆನ್ನೆಯ ಮೇಲೆ ರವೆಯಂಥ ಬಿಳಿ ಚುಕ್ಕಿಗಳು ಕಂಡವು. ಅರಮನೆಯಲ್ಲಿ ಗೋಳೋ ಎಂದರು. ರಾಜವೈದ್ಯ ಮೈಲುತುತ್ತ ಅರೆದ ನೀಲಿ ಔಷಧ ತಂದ. “ಚುಕ್ಕಿ ರೋಗ! ಈಗಲೇ ಸುರಿಯದಿದ್ದರೆ ನಾಳೆ ಬೆಳಗಿಗೆ ಉಳಿಯುವುದಿಲ್ಲ.”

ಸಣ್ಣೀರಿಗೂ ಅನುಮಾನವಾಯಿತು. ಸುಮ್ಮನಿದ್ದು ಸತ್ತರೆ ತಪ್ಪು ಅವಳದು. ಸುರಿದು ಸತ್ತರೆ ಯಾರೂ ಅವಳನ್ನು ಬೈಯುವುದಿಲ್ಲ. ಕೈ ಔಷಧದ ಕಡೆ ಹೋಯಿತು. ಆದರೂ ತಡೆದು, ಬಾನಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು ನೋಡಿದಳು. ಮೈಮೇಲೆ ಚುಕ್ಕಿಯಿಲ್ಲ, ಬಾಲದ ಮೇಲಿಲ್ಲ. ಇದ್ದದ್ದು ಕೆನ್ನೆಯ ಮೇಲೆ, ಎದೆಯ ಈಜುರೆಕ್ಕೆಯ ಅಂಚಿನಲ್ಲಿ. ಮೀನು ಕಲ್ಲಿಗೆ ಮೈ ಉಜ್ಜುತ್ತಿಲ್ಲ. ಹಾಕಿದ ಬೇಳೆಯನ್ನು ಗಬಕ್ಕನೆ ತಿಂದಿತು.

“ಬುದ್ಧೀ, ರಾಜಕುಮಾರರಿಗೆ ವಯಸ್ಸೆಷ್ಟು?”

“ಈ ಹುಣ್ಣಿಮೆಗೆ ಹದಿನಾರು. ಈಗೇಕೆ ಅದು?” ಎಂದ ರಾಜ.

ಸಣ್ಣೀರಿ ಬಿದ್ದು ಬಿದ್ದು ನಕ್ಕಳು. “ರೋಗ ಅಲ್ಲ ಬುದ್ಧೀ! ಪ್ರಾಯಕ್ಕೆ ಬಂದ ಗಂಡು ಮೀನಿಗೆ ಹಿಂಗೇ ಆಗೋದು, ನಮ್ಮ ಕೆರೇಲಿ ವರ್ಷವರ್ಷಾ ನೋಡ್ತೀನಿ. ನಿಮ್ಮ ಮಗನಿಗೆ ಮೀಸೆ ಚಿಗುರ್ತಾ ಐತೆ!”

ಅವಳು ಔಷಧವನ್ನು ಅಂಗಳಕ್ಕೆ ಚೆಲ್ಲಿದಳು. ಮರುದಿನ ಅಲ್ಲಿನ ಗರಿಕೆಯೆಲ್ಲ ಸುಟ್ಟು ಕರಕಾಗಿತ್ತು. ಅದನ್ನು ನೋಡಿದ ರಾಜವೈದ್ಯ ಎರಡು ದಿನ ಮನೆಯಿಂದ ಹೊರಗೆ ಬರಲಿಲ್ಲ.

ನಲವತ್ತೆಂಟನೆಯ ದಿನ ಹೊಗೆಗಡ್ಡ ಬಂದ. ಮೂರನೆಯ ಹವಳ ಪೋಣಿಸಲು ಸರದ ಗಂಟು ಬಿಚ್ಚಿಕೊಂಡೇ ಬಂದಿದ್ದ. ಬಾನಿಯೊಳಗೆ ಬಗ್ಗಿದವನು ಹಾವು ತುಳಿದವನಂತೆ ಹಿಂದಕ್ಕೆ ಹಾರಿದ.

“ಇದು... ಇದು ಈಜುತ್ತಿದೆ!”

ಮುನ್ನೂರು ವರ್ಷದಲ್ಲಿ ಅವನ ಒಂದು ಮೀನೂ ಉಳಿದಿರಲಿಲ್ಲ. ಉಳಿದರೆ ಏನು ಮಾಡಬೇಕೆಂದು ಅವನು ಯೋಚಿಸಿಯೂ ಇರಲಿಲ್ಲ. “ಯಾವ ಮಂತ್ರ ಹಾಕಿದೆ, ಹೆಣ್ಣೇ?” ಎಂದು ಕೇಳಿದ.

“ಮಂತ್ರ ಗಿಂತ್ರ ಏನಿಲ್ಲ. ಅರ್ಧ ಕೆಲಸ ಮಾಡ್ದೆ, ಅರ್ಧ ಸುಮ್ನಿದ್ದೆ.”

ಅಷ್ಟಕ್ಕೇ ಸರ ಹರಿಯಿತು. ಬಿದ್ದ ಒಂದೊಂದು ಹವಳವೂ ಒಬ್ಬೊಬ್ಬ ಮನುಷ್ಯನಾಗಿ ಎದ್ದು ನಿಂತಿತು. ಯಾವುದೋ ನಾಡಿನ ಮಗು, ಯಾರದೋ ಹೆಂಡತಿ, ಯಾರದೋ ಅಣ್ಣ. ಅಂಗಳ ಸಾಲದೆ ಬೀದಿ ತುಂಬಿತು. ಅಷ್ಟು ಜನರನ್ನೂ ಕೊಂದದ್ದು ಅವರನ್ನು ಪ್ರೀತಿಸಿದ ಕೈಗಳೇ. ಕನಕಾಂಗಿ ಬಂದಳು, ಚಿತ್ರಾಂಗಿ ಬಂದಳು. ಇಂದುಧರ ನೀರು ಸುರಿಸುತ್ತ ಬಾನಿಯಿಂದ ಎದ್ದ. ರಾಣಿ ಮೂವರನ್ನೂ ಒಟ್ಟಿಗೆ ತಬ್ಬಿ ಅತ್ತಳು.

ಮುರಿದ ಮಂತ್ರ ಗಾಳಿಯಲ್ಲಿ ನಿಲ್ಲುವುದಿಲ್ಲ. ಹಾಕಿದವನ ಮೇಲೇ ಬೀಳುತ್ತದೆ. ಹೊಗೆಗಡ್ಡ ನಿಂತಲ್ಲೇ ಕುಗ್ಗಿ, ಬೂದಿ ಬಣ್ಣದ ಮೀನಾಗಿ ಕಲ್ಲಿನ ಮೇಲೆ ಬಿದ್ದು ವಿಲವಿಲ ಒದ್ದಾಡಿದ. ಮಾಡಿದ್ದುಣ್ಣೋ ಮಹಾರಾಯ! ಸೇನಾಪತಿ ತುಳಿಯಲು ಕಾಲೆತ್ತಿದ. ಸಣ್ಣೀರಿ ಒದ್ದೆ ಕೈಯಲ್ಲಿ ಮೀನನ್ನೆತ್ತಿ ಬಾನಿಗೆ ಬಿಟ್ಟಳು.

“ಏನು ಮಾಡಿದೆ ನೀನು!” ಎಂದು ಜನರೆಲ್ಲ ಕೂಗಿದರು. ಸಣ್ಣೀರಿ ರಾಜನ ಕಡೆ ತಿರುಗಿದಳು.

“ಮೀನು ಬುದ್ಧೀ. ನೀರಿಲ್ದೆ ಒದ್ದಾಡ್ತಿತ್ತು. ಕೇಳಿದ್ದು ಕೊಡ್ತೀನಿ ಅಂದಿದ್ರಲ್ಲ, ಈ ಬಾನಿ ಕೊಡಿ, ನಾನೇ ಸಾಕ್ಕೊಂತೀನಿ.”

ಆಗ ರಾಣಿ ಮಕ್ಕಳನ್ನು ಬಿಟ್ಟು ಮುಂದೆ ಬಂದಳು. ಮಗ ಮರಳುವ ದಿನಕ್ಕೆಂದು ಮಾಡಿಟ್ಟಿದ್ದ ಕೇಸರಿಭಾತಿನ ತಟ್ಟೆಯನ್ನು ಎತ್ತಿಕೊಂಡಳು.

“ನಾನು ತಿನ್ನಿಸಲೇ?” ಎಂದಳು.

ಆ ತಟ್ಟೆ ಏನು ಮಾಡಬಲ್ಲುದೆಂದು ಈಗ ಎಲ್ಲರಿಗೂ ಗೊತ್ತಿತ್ತು. ಬೂದಿ ಮೀನು ಮೇಲೆ ಬಂದು, ರಾಣಿಯ ಕಣ್ಣೆದುರೇ ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಸಣ್ಣೀರಿ ತಡೆಯಲಿಲ್ಲ. ಬದಿಗೆ ಸರಿದು ನಿಂತಳು.

ರಾಣಿ ಬಹಳ ಹೊತ್ತು ನೋಡಿದಳು. ತಟ್ಟೆಯನ್ನು ಕನಕಾಂಗಿಯ ಕೈಗೆ ಕೊಟ್ಟಳು. ಬಾನಿಯ ಪಕ್ಕದ ಬಟ್ಟಲಿನಿಂದ ಒಂದೇ ಒಂದು ಅವರೆಬೇಳೆ ತೆಗೆದು ನೀರಿಗೆ ಹಾಕಿದಳು.

“ಸಾಕು,” ಎಂದು ಕೈ ತೊಳೆದುಕೊಂಡಳು.

ಸ್ಫಟಿಕಾವತಿಯ ಜನ ಅಂದಿನಿಂದ ಸುಖವಾಗಿದ್ದರು, ಬಂದವರೆಲ್ಲ ತಮ್ಮ ತಮ್ಮ ಊರು ಸೇರಿ ಸುಖವಾಗಿದ್ದರು. ಬೂದಿ ಮೀನು ಇಪ್ಪತ್ತೆರಡು ವರ್ಷ ಬದುಕಿತು.